ನಾಲ್ಕನೆಯ ರೊಟ್ಟಿ

ಬೀಡಿ ಕಟ್ಟುವವರ ಕೈಗೆ ತಕ್ಕಡಿ ಬೇಡ. ನಿಪ್ಪಾಣಿಯ ಓಣಿಯೊಂದರಲ್ಲಿ, ಬಾಗಿಲ ಬೆಳಕಿಗೆ ಕಾಲು ಚಾಚಿ ಕೂತು, ತೊಡೆಯ ಮೇಲೆ ಮೊರ ಇಟ್ಟುಕೊಂಡು ನಮ್ಮವ್ವ ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಬೀಡಿ ಕಟ್ಟುತ್ತ ಬಂದಿದ್ದಾಳೆ. ಒದ್ದೆ ಅರಿವೆಯಲ್ಲಿ ಸುತ್ತಿಟ್ಟ ಎಲೆ, ಅದರ ಮೇಲೆ ತಗಡಿನ ಅಚ್ಚು, ಕತ್ತರಿಯ ಎರಡೇಟು. ಆಮೇಲೆ ಚಿಟಿಕೆ ತಂಬಾಕು, ಒಂದು ಸುರುಳಿ, ತುದಿಯ ಮಡಿಕೆ, ದಾರ. ದಿನಕ್ಕೆ ಸಾವಿರ. ಚಿಟಿಕೆ ದೊಡ್ಡದಾದರೆ ತೂಗಿ ಕೊಟ್ಟ ತಂಬಾಕು ಸಾಲುವುದಿಲ್ಲ, ಕೈಯಿಂದ ಹಣ ಹಾಕಬೇಕು. ಸಣ್ಣದಾದರೆ ಟೊಳ್ಳು ಬೀಡಿ ಎಂದು ತೆಗೆದೊಗೆಯುತ್ತಾರೆ. ಎರಡರ ನಡುವಿನ ಕೂದಲೆಳೆಯ ಜಾಗ ಅವ್ವನ ಮೂರು ಬೆರಳಿಗೆ ಗೊತ್ತಿತ್ತು. ಲೆಕ್ಕ ತೆಗೆದುಕೊಳ್ಳುವ ಮನುಷ್ಯ ಕಟ್ಟಿನಿಂದ ಒಂದನ್ನು ಹಿರಿದು, ಹಿಚುಕಿ ನೋಡಿ, ಉಳಿದದ್ದನ್ನು ನೋಡದೆಯೇ ಬುಟ್ಟಿಗೆ ಹಾಕಿಕೊಳ್ಳುವನು. ‘ಈ ಕೈ ತಪ್ಪಂಗಿಲ್ಲ ಬಿಡ್ರಿ’ ಅನ್ನುವನು.

ಅದೇ ಮೂರು ಬೆರಳು ಒಂದು ವರ್ಷ ರಾತ್ರಿ ಮರಗಟ್ಟತೊಡಗಿದವು. ಅವ್ವ ಡಾಕ್ಟರಿಗೆ ಹೇಳಿದ್ದು ನನಗಿನ್ನೂ ಅಕ್ಷರಕ್ಕಕ್ಷರ ನೆನಪಿದೆ: ‘ಸಾಹೇಬ್ರ, ರಾತ್ರಿ ಬೆರಳಾಗ ಇರಬಿ ಹರದಾಡಿದಂಗ ಆಗತೈತ್ರಿ. ಎದ್ದ ಕುಂತು ಕೈ ಕೊಡವಿದ್ರ ಕಡಿಮಿ ಆಗತೈತಿ. ಕಿರಿಬೆರಳಿಗೆ ಏನೂ ಆಗಂಗಿಲ್ರಿ.’ ಡಾಕ್ಟರು ನಕ್ಕರು. ವಯಸ್ಸಾಯಿತು, ಟೆನ್ಶನ್ ಮಾಡಿಕೊಳ್ಳಬೇಡಿ ಎಂದು ಬಿಳಿ ಗುಳಿಗೆ, ಹಳದಿ ಗುಳಿಗೆ ಬರೆದುಕೊಟ್ಟರು. ಆಗ ಅವಳಿಗೆ ನಲವತ್ತಮೂರು.

ಎಷ್ಟೋ ವರ್ಷದ ಮೇಲೆ ತಿಳಿಯಿತು, ಅವ್ವ ಹೇಳಿದ ಆ ಮೂರು ವಾಕ್ಯ ವೈದ್ಯರ ಪಠ್ಯಪುಸ್ತಕದಲ್ಲಿ ಹೆಚ್ಚುಕಡಿಮೆ ಹಾಗೇ ಇವೆ. ಮಣಿಕಟ್ಟಿನೊಳಗಿನ ಇಕ್ಕಟ್ಟಾದ ದಾರಿಯಲ್ಲಿ ಒಂದು ನರ ಒತ್ತಡಕ್ಕೆ ಸಿಕ್ಕಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟುತ್ತವೆ. ಕಿರುಬೆರಳಿಗೆ ಬೇರೆ ನರವಾದ್ದರಿಂದ ಅದು ಉಳಿಯುತ್ತದೆ. ರಾತ್ರಿ ಹೆಚ್ಚು. ಕೈ ಕೊಡವಿದರೆ ಹಗುರ. ಕಾರ್ಪಲ್ ಟನಲ್ ಎಂದು ಅದಕ್ಕೆ ಹೆಸರು. ರೋಗಿ ಕೈ ಕೊಡವಿ ತೋರಿಸಿದರೆ ಅದನ್ನೇ ಒಂದು ಲಕ್ಷಣವೆಂದು ವೈದ್ಯರಿಗೆ ಕಲಿಸುತ್ತಾರೆ. ಮೂರನೇ ಇಯತ್ತೆಗೆ ಸಾಲೆ ಬಿಟ್ಟ ಹೆಂಗಸು ಕಿರುಬೆರಳನ್ನು ಬೇರೆ ಮಾಡಿ ಹೇಳಿದ್ದಳು. ಅದಕ್ಕಿಂತ ಕರಾರುವಾಕ್ಕಾದ ಹೇಳಿಕೆ ಇನ್ನೇನು ಬೇಕಿತ್ತು?

ನನ್ನ ತಕರಾರು ಶುರುವಾಗುವುದು ಇಲ್ಲಿಂದ. ತಂಬಾಕಿನ ಚಿಟಿಕೆ ತೂಗುವಾಗ ನಂಬಿದ ಬೆರಳನ್ನು, ತನಗೇ ಜೋಮು ಹಿಡಿದಿದೆ ಎಂದು ಅದು ಹೇಳಿದಾಗ ಯಾಕೆ ನಂಬಲಿಲ್ಲ? ನಮ್ಮ ಸೀಮೆ ಪೂರ್ತಿ ಮೈಯ ತಿಳಿವಳಿಕೆಯ ಮೇಲೆಯೇ ನಿಂತ ಸೀಮೆ. ಚಿಕ್ಕೋಡಿ ಕಡೆಯ ಗಾಣದ ಮನೆಗೆ ಹೋಗಿ ನೋಡಿ. ಬೆಲ್ಲದ ಪಾಕ ಇಳಿಸಬೇಕಾದದ್ದು ಸುಮಾರು 118 ಡಿಗ್ರಿಗೆ ಎಂದು ಪುಸ್ತಕ ಹೇಳುತ್ತದೆ. ಪಾಕ ನೋಡುವ ಮನುಷ್ಯ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಉಂಡೆ ಮಾಡಿ, ಅದರ ಸದ್ದು ಕೇಳಿ ‘ಇಳಸ್ರಿ’ ಅನ್ನುತ್ತಾನೆ. ಅವನ ಒಂದು ಮಾತಿಗೆ ಕೊಪ್ಪರಿಗೆ ಕೊಪ್ಪರಿಗೆಯೇ ಒಲೆಯಿಂದ ಇಳಿಯುತ್ತದೆ. ಅಥಣಿಯಲ್ಲಿ ಚಪ್ಪಲಿ ಹೊಲಿಯುವವರು ಹದವಾದ ತೊಗಲನ್ನು ಹೆಬ್ಬೆರಳಲ್ಲಿ ಒತ್ತಿ ಗುರುತಿಸುತ್ತಾರೆ. ಕೊಲ್ಹಾಪುರಿ ಎಂದು ಹೆಸರಾದ ಆ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿ ಸೇರಿವೆ. ಅಂದರೆ ಸರಕಾರದ ದಾಖಲೆಯೂ ಆ ಹೆಬ್ಬೆರಳನ್ನು ಒಪ್ಪಿಕೊಂಡಂತೆ. ದುಡ್ಡು ಹುಟ್ಟಿಸುವಾಗ ಮೈ ಜಾಣ, ನೋವು ಹೇಳುವಾಗ ಮಾತ್ರ ದಡ್ಡ. ಬ್ರಿಟನ್ನಿನ ತತ್ತ್ವಶಾಸ್ತ್ರಜ್ಞೆ ಮಿರಾಂಡಾ ಫ್ರಿಕರ್ 2007ರ ತಮ್ಮ ಪುಸ್ತಕದಲ್ಲಿ ಇಂಥದ್ದನ್ನು ಅನ್ಯಾಯದ ಒಂದು ಬಗೆಯೆಂದೇ ಎಣಿಸಿದ್ದಾರೆ: ಹೇಳುವವರು ಯಾರು ಎಂಬುದನ್ನು ನೋಡಿ ಹೇಳಿದ ಮಾತಿನ ಬೆಲೆ ಇಳಿಸುವುದು. ನಿಪ್ಪಾಣಿಯ ಇತಿಹಾಸದಲ್ಲೂ ಇದರ ನೆರಳಿದೆ. 1981ರಲ್ಲಿ ತಂಬಾಕಿನ ದರಕ್ಕಾಗಿ ರೈತರು ಹೆದ್ದಾರಿಯಲ್ಲಿ ಕೂತದ್ದು, ಏಪ್ರಿಲ್ 6ರಂದು ಗೋಲಿಬಾರ್ ಆಗಿ ಜೀವಗಳು ಹೋದದ್ದು ಎಲ್ಲರಿಗೂ ಗೊತ್ತು, ಗೊತ್ತಿರಲೂಬೇಕು. ಅದೇ ತಂಬಾಕನ್ನು ವಖಾರಿನಲ್ಲಿ ಜರಡಿ ಹಿಡಿದು ದೂಳು ನುಂಗಿದ ಹೆಂಗಸರ ಕೆಮ್ಮಿಗೆ ಅಂಥ ತಾರೀಖು ಯಾವುದೂ ಇಲ್ಲ.

ಈಗ ನನ್ನ ಪಾಳಿ. ನನಗೆ ಮೂವತ್ತೇಳಾಗಿದ್ದಾಗ ಮುಂಜಾನೆ ಎದ್ದರೆ ಮುಷ್ಟಿ ಕಟ್ಟಲು ಬರದಾಯಿತು. ನಲ್ಲಿ ತಿರುವಲಾಗದು, ಸೀರೆಯ ಪಿನ್ನು ಹಾಕಲಾಗದು. ಸಾಲೆಯಲ್ಲಿ ಮೊದಲ ತಾಸಿಗೆ ಬಳಪ ಕೈಜಾರುವುದು. ಹನ್ನೊಂದರ ಹೊತ್ತಿಗೆ ಬೆರಳು ಸಡಿಲಾಗಿ ನಾನೇ ಬೇರೆ ಮನುಷ್ಯಳಾಗಿಬಿಡುತ್ತಿದ್ದೆ. ಡಾಕ್ಟರ ಮುಂದೆ ಕೂರುತ್ತಿದ್ದುದು ಸಂಜೆ, ಬೆರಳೆಲ್ಲ ಸರಿಯಿದ್ದಾಗ. ರಕ್ತ ತಪಾಸಣೆಯಲ್ಲಿ ವಾತದ ಅಂಶ ಇಲ್ಲ ಎಂದು ಬಂತು. ‘ರಿಪೋರ್ಟ್ ನಾರ್ಮಲ್ ಐತಿ, ನಿಮಗೇನೂ ಆಗಿಲ್ಲ ಅಕ್ಕೋರ.’ ಆ ‘ಏನೂ ಆಗಿಲ್ಲ’ ಎಂಬ ಮಾತಿನಲ್ಲಿ ಹದಿನಾಲ್ಕು ತಿಂಗಳು ಹೋದವು. ನನಗೆ ಹಿಡಿದದ್ದು ಸಂಧಿವಾತ. ಈ ಜಡ್ಡಿನ ಐವರಲ್ಲಿ ಒಬ್ಬರಿಗಾದರೂ ಆ ತಪಾಸಣೆ ಇಲ್ಲವೆಂದೇ ತೋರಿಸುತ್ತದೆ ಎನ್ನುವುದನ್ನು ಆಮೇಲೆ ಬೇರೊಬ್ಬ ಡಾಕ್ಟರು ಹೇಳಿದರು. ಬರೀ ಕಾಗದ ನೋಡದೆ ನನ್ನ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದವರು ಅವರೇ ಮೊದಲು.

ತಮಾಷೆಯೆಂದರೆ ಆಧುನಿಕ ವೈದ್ಯಶಾಸ್ತ್ರ ರೋಗಿಯ ಮಾತನ್ನು ಕಡೆಗಣಿಸಿಯೇ ಬೆಳೆದದ್ದಲ್ಲ. ಸಂಧಿವಾತ ಗುರುತಿಸಲು ಅಮೆರಿಕದ ತಜ್ಞರು 1987ರಲ್ಲಿ ಮಾಡಿದ ಪಟ್ಟಿಯಲ್ಲಿ ಮುಂಜಾನೆಯ ಬಿಗಿತ ಕನಿಷ್ಠ ಒಂದು ತಾಸು ಇರಬೇಕು ಎಂಬ ಅಂಶವಿತ್ತು. ತಾಸು ಎಣಿಸುವವರು ರೋಗಿಯೇ, ಬೇರೆ ಯಂತ್ರವಿಲ್ಲ. 2010ರ ಹೊಸ ಪಟ್ಟಿಯಿಂದ ಅದನ್ನು ಕೈಬಿಟ್ಟರು. ಆದರೂ ಜಡ್ಡು ಎಷ್ಟು ಜೋರಾಗಿದೆ ಎಂದು ಅಳೆಯುವ ಡಾಸ್28 ಎಂಬ ಲೆಕ್ಕದಲ್ಲಿ ನಾಲ್ಕು ಸಂಗತಿ ಬರುತ್ತವೆ: ನೋಯುವ ಕೀಲುಗಳೆಷ್ಟು, ಬಾತ ಕೀಲುಗಳೆಷ್ಟು, ರಕ್ತದಲ್ಲಿ ಉರಿಯೂತ ಎಷ್ಟು, ಮತ್ತು ‘ನಿಮಗೆ ಹೇಗನಿಸುತ್ತಿದೆ’ ಎಂದು ರೋಗಿ ತಾನೇ ಸೊನ್ನೆಯಿಂದ ನೂರರ ನಡುವೆ ಹಾಕುವ ಗುರುತು. ಆ ನಾಲ್ಕನೆಯದು ಸೌಜನ್ಯಕ್ಕಾಗಿ ಇಟ್ಟದ್ದಲ್ಲ, ಗಣಿತದ ಒಂದು ಪದ. ತೆಗೆದರೆ ಲೆಕ್ಕ ಕೂಡುವುದಿಲ್ಲ. ಅಂದ ಮೇಲೆ ‘ನಿಮಗೇನೂ ಆಗಿಲ್ಲ’ ಎನ್ನುವ ಡಾಕ್ಟರು ವಿಜ್ಞಾನದ ಹೆಸರಲ್ಲಿ ಮಾತಾಡುತ್ತಿಲ್ಲ, ಅವಸರದ ಹೆಸರಲ್ಲಿ ಮಾತಾಡುತ್ತಿದ್ದಾರೆ. (ಅವರ ಹೊರಗೆ ಎಂಬತ್ತು ಜನ ಕಾದಿರುತ್ತಾರೆ ಎನ್ನುವುದೂ ಸುಳ್ಳಲ್ಲ.)

ಹಾಗಂತ ‘ಮೈಯ ಮಾತು ಕೇಳಿ, ಮೈ ಎಂದೂ ಸುಳ್ಳು ಹೇಳದು’ ಎನ್ನುವವರ ಗುಂಪಿಗೂ ನಾನು ಸೇರಲಾರೆ. ನನಗೆ ನನ್ನ ಮೈಯೇ ಒಮ್ಮೆ ಚೆನ್ನಾಗಿ ಟೋಪಿ ಹಾಕಿದೆ. ಆ ಹದಿನಾಲ್ಕು ತಿಂಗಳಲ್ಲಿ, ಸಂತೆಯಲ್ಲಿ ಕೂರುವ ಒಬ್ಬ ಗಿಡಮೂಲಿಕೆಯವನಿಂದ ಪುಡಿ ತಂದೆ. ಮೂರೇ ದಿನ! ನಾಲ್ಕನೆಯ ಮುಂಜಾನೆ ಹಿಟ್ಟು ನಾದಿದೆ, ನೀರು ಸೇದಿದೆ, ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ಮೈ ಕೂಗಿ ಕೂಗಿ ಹೇಳಿತು, ಇದೇ ಮದ್ದು ಎಂದು. ಎರಡು ತಿಂಗಳಲ್ಲಿ ಮುಖ ಹುಣ್ಣಿಮೆ ಚಂದ್ರನಂತೆ ಊದಿತು, ರಾತ್ರಿ ನಿದ್ದೆ ಹೋಯಿತು. ಪುಡಿ ಬಿಟ್ಟ ವಾರಕ್ಕೆ ಹಾಸಿಗೆ ಹಿಡಿದೆ. ಅದರಲ್ಲಿ ಸ್ಟಿರಾಯ್ಡ್ ಬೆರೆಸಿದ್ದರು ಎಂಬುದು ನನ್ನ ಮುಖ ನೋಡಿದ ಕೂಡಲೇ ಡಾಕ್ಟರಿಗೆ ಗೊತ್ತಾಯಿತು. ಹೀಗೆ ಮೋಸಹೋದವಳು ನಾನೊಬ್ಬಳೇ ಅಲ್ಲ ಎನ್ನುವುದಕ್ಕೆ ಇತಿಹಾಸವೇ ಇದೆ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಸಂಧಿವಾತದ ಒಬ್ಬ ಹೆಂಗಸಿಗೆ ಮೊದಲ ಬಾರಿ ಕಾರ್ಟಿಸೋನ್ ಚುಚ್ಚಿದರು. ಏಳಲಾಗದಿದ್ದವಳು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದಳು. 1950ರಲ್ಲಿ ನೊಬೆಲ್ ಬಂತು. ಹೆಚ್ಚು ದಿನ ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಎಲುಬು ಸವೆಯುತ್ತದೆ, ಸಕ್ಕರೆ ಏರುತ್ತದೆ ಎಂಬುದು ಹಿಂದಿನಿಂದ ಬಂದ ಪಾಠ. ಆ ಹೆಂಗಸಿನ ಮೈಯೂ ಮೊದಲ ವಾರ ಹಿಗ್ಗಿತ್ತು, ನನ್ನದೂ ಹಿಗ್ಗಿತ್ತು. ಎಲುಬು ಸವೆಯುವ ಸದ್ದು ಯಾರ ಮೈಗೂ ಕೇಳಿಸುವುದಿಲ್ಲ.

ಇನ್ನು ಕೆಲವಕ್ಕೆ ಮೈಗೆ ಬಾಯಿಯೇ ಇಲ್ಲ. ರಕ್ತದೊತ್ತಡ ವರ್ಷಗಟ್ಟಲೆ ಏರಿದ್ದರೂ ತಲೆ ಹಗುರವಾಗಿಯೇ ಇರುತ್ತದೆ. ಕಬ್ಬಿನ ನಡುವೆ ಬದುಕುವ ನಮಗೆ ಸಕ್ಕರೆ ಕಾಯಿಲೆ ಹೊಸದಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದಾಗ ಬೆವರು, ನಡುಕ ಬರುತ್ತದೆ. ಅದು ಮೈಯ ಎಚ್ಚರಿಕೆ. ಆದರೆ ಮತ್ತೆ ಮತ್ತೆ ಇಳಿಯುತ್ತಿದ್ದರೆ ಆ ಎಚ್ಚರಿಕೆಯೇ ಮಂಕಾಗಿ, ನಡುಕವೂ ಇಲ್ಲದೆ ಮನುಷ್ಯ ಕುಸಿಯಬಹುದು. ವಖಾರಿಗೆ ಹೊಸದಾಗಿ ಹೋದ ಹುಡುಗಿಯರು ಮೊದಲ ವಾರ ವಾಂತಿ ಮಾಡಿಕೊಳ್ಳುತ್ತಾರೆ. ‘ಆಮ್ಯಾಲೆ ರೂಢಿ ಆಗತೈತಿ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ರೂಢಿಯಾಗುವುದೆಂದರೆ ವಿಷ ಹೋಯಿತು ಎಂದಲ್ಲ. ಮೈ ಹೇಳಿ ಹೇಳಿ ಸಾಕಾಗಿ ಸುಮ್ಮನಾಯಿತು, ಅಷ್ಟೆ. ಮೋಡ ಕವಿದರೆ ಕೀಲು ಹಿಡಿಯುತ್ತದೆ ಎಂಬ ನಮ್ಮೆಲ್ಲರ ನಂಬಿಕೆಯೂ ಅಷ್ಟು ಸರಳವಲ್ಲ. ಅಮೆರಿಕದಲ್ಲಿ ಒಂದು ಕೋಟಿಗೂ ಹೆಚ್ಚು ವೈದ್ಯ ಭೇಟಿಗಳನ್ನು ಮಳೆಯ ದಿನಗಳ ಜತೆ ತಾಳೆ ನೋಡಿದ 2017ರ ಅಧ್ಯಯನಕ್ಕೆ ಯಾವ ನಂಟೂ ಸಿಗಲಿಲ್ಲ. ಬ್ರಿಟನ್ನಿನಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಜನ ಮೊಬೈಲಿನಲ್ಲಿ ದಿನದಿನದ ನೋವು ಬರೆದಿಟ್ಟ 2019ರ ಅಧ್ಯಯನಕ್ಕೆ ತೇವ, ಗಾಳಿ, ವಾಯುಒತ್ತಡಗಳ ಜತೆ ಸಣ್ಣ ನಂಟು ಸಿಕ್ಕಿತು. ಎರಡನೆಯದರಲ್ಲಿ ಜನ ಅಂದಂದಿನದನ್ನು ಅಂದಂದೇ ಬರೆದಿದ್ದರು ಎನ್ನುವುದನ್ನು ನಾನು ಗುರುತು ಹಾಕಿಕೊಂಡಿದ್ದೇನೆ.

ಯಾಕೆಂದರೆ ಅವ್ವನ ಬೆರಳನ್ನು ಕಾರಖಾನೆಯವನು ನಂಬಿದ್ದು ಪುಕ್ಕಟೆಯಾಗಿ ಅಲ್ಲ. ಮೊದಲ ವರ್ಷ ಅವಳ ಬೀಡಿ ನೂರಕ್ಕೆ ಇಪ್ಪತ್ತು ತಿರಸ್ಕಾರವಾಗುತ್ತಿತ್ತಂತೆ. ತಪ್ಪಿ, ಬೈಸಿಕೊಂಡು, ಕೂಲಿ ಕಳೆದುಕೊಂಡು ಆ ಚಿಟಿಕೆ ಪಳಗಿತು. ಪಾಕ ನೋಡುವವನೂ ಹಾಗೇ, ಎಷ್ಟು ಕೊಪ್ಪರಿಗೆ ಕೆಡಿಸಿದ ಮೇಲೆ ಅವನ ಕಿವಿಗೆ ಆ ಸದ್ದು ದಕ್ಕಿತೋ. ಮೈಯ ತಿಳಿವಳಿಕೆ ಹುಟ್ಟಿನಿಂದ ಬಂದ ವರವಲ್ಲ, ಕಸುಬು. ಮಾಡಿದ್ದರ ಫಲ ಕಣ್ಣೆದುರಿಗೆ ಬಂದು ತಿದ್ದಿದಾಗ ಮಾತ್ರ ಕಸುಬು ಕುದುರುತ್ತದೆ. ಬಹುಕಾಲದ ಜಡ್ಡಿನವರೂ ಹೀಗೆಯೇ ಕಸುಬುದಾರರಾಗುತ್ತಾರೆ, ಆಗಲೇಬೇಕು. ಡಾಕ್ಟರು ನನ್ನನ್ನು ಮೂರು ತಿಂಗಳಿಗೊಮ್ಮೆ ಹತ್ತು ನಿಮಿಷ ನೋಡುತ್ತಾರೆ, ಉಳಿದ ಹೊತ್ತೆಲ್ಲ ಈ ಮೈಯ ಪಾಳಿ ಕಾಯುವವಳು ನಾನು. ಅಷ್ಟು ಹೊತ್ತು ಕಾದರೂ ಏನೂ ಕಲಿಯದಿದ್ದರೆ ತಪ್ಪು ಯಾರದು?

ನನ್ನ ತಕ್ಕಡಿ ಜೋಳದ ರೊಟ್ಟಿ. ಮೊದಮೊದಲು ಎಷ್ಟು ರೊಟ್ಟಿ ಬಡಿದೆ ಎಂದಷ್ಟೇ ಲೆಕ್ಕ ಇಡುತ್ತಿದ್ದೆ. ಆಮೇಲೆ ಗೊತ್ತಾಯಿತು, ಬಿಸಿನೀರಲ್ಲಿ ಕಲಸಿದ ಹಿಟ್ಟು ಬೆರಳಿಗೆ ಶಾಖ ಕೊಡುತ್ತದೆ, ಆದ್ದರಿಂದ ಮೊದಲ ಮೂರು ರೊಟ್ಟಿಯ ಸಾಕ್ಷಿ ನಂಬುವ ಹಾಗಿಲ್ಲ. ನಾಲ್ಕನೆಯ ಹೊತ್ತಿಗೆ ಹಿಟ್ಟು ಆರಿರುತ್ತದೆ, ಕೈಯ ನಿಜ ಹೊರಬರುತ್ತದೆ. ಅಂಗೈ ಚಪ್ಪಟೆಯಾಗಿ ಬೀಳುತ್ತದೋ, ಬೆರಳ ಬುಡ ಮೇಲೆದ್ದು ರೊಟ್ಟಿಯ ಅಂಚು ಸೀಳುತ್ತದೋ. ಅಂಚು ಸೀಳಿದ ವಾರ ಕ್ಯಾಲೆಂಡರಿನಲ್ಲಿ ಒಂದು ಗೆರೆ ಹಾಕುತ್ತೇನೆ. ಮೂರು ವಾರ ಸಾಲಾಗಿ ಗೆರೆ ಬಿದ್ದರೆ ತಾರೀಖಿಗೆ ಕಾಯದೆ ಡಾಕ್ಟರಿಗೆ ಫೋನು. ಇದನ್ನು ಹೇಳಲು ಮೊದಲು ನಾಚಿಕೆಯಾಗುತ್ತಿತ್ತು. ಆದರೆ ಸ್ಟಾನ್‌ಫರ್ಡಿನವರು 1980ರಲ್ಲಿ ಮಾಡಿದ, ಇಂದಿಗೂ ಜಗತ್ತೆಲ್ಲ ಬಳಸುವ ಪ್ರಶ್ನಾವಳಿಯೊಂದು ಕೇಳುವುದೂ ಇದನ್ನೇ: ಬಟ್ಟೆ ಹಾಕಿಕೊಳ್ಳಬಲ್ಲಿರಾ, ಡಬ್ಬಿಯ ಮುಚ್ಚಳ ತೆಗೆಯಬಲ್ಲಿರಾ, ನಲ್ಲಿ ತಿರುವಬಲ್ಲಿರಾ. ಭಾರತಕ್ಕೆ ಅದನ್ನು ಹೊಂದಿಸಿದಾಗ ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು ಸೇರಿದವು. ರೊಟ್ಟಿ ಬಡಿಯುವುದೂ ಸೇರಲಿ ಎಂದು ನನ್ನ ಅರ್ಜಿ.

ಈ ಲೆಕ್ಕವೂ ಒಮ್ಮೆ ನನ್ನನ್ನು ತಿದ್ದಿತು. ಹೋದ ವರ್ಷ ಮೂರು ವಾರ ಸಾಲಾಗಿ ಗೆರೆ ಬಿತ್ತು. ಜಡ್ಡು ಏರಿದೆ, ಗುಳಿಗೆ ಹೆಚ್ಚಿಸಿ ಎಂದು ನಾನೇ ತೀರ್ಪು ಹೊತ್ತು ಹೋದೆ. ಡಾಕ್ಟರು ಕೀಲು ಒತ್ತಿ ನೋಡಿದರು, ತಣ್ಣಗಿದ್ದವು. ರಕ್ತವೂ ತಣ್ಣಗಿತ್ತು. ಅಲ್ಲಿಗೇ ಬಿಟ್ಟಿದ್ದರೆ ಮತ್ತೊಂದು ‘ಏನೂ ಆಗಿಲ್ಲ’ ಆಗುತ್ತಿತ್ತು. ‘ನಿಮ್ಮ ಗೆರಿ ಸುಳ್ಳ ಹೇಳಂಗಿಲ್ಲ, ಬ್ಯಾರೆ ಏನೋ ಇರಬೇಕು’ ಎಂದು ಥೈರಾಯ್ಡ್ ನೋಡಿಸಿದರು. ಅದು ಕುಸಿದಿತ್ತು. ಏನೋ ಬದಲಾಗಿದೆ ಎಂಬುದನ್ನು ಮೈ ಸರಿಯಾಗಿಯೇ ಹಿಡಿದಿತ್ತು. ಯಾಕೆ ಎಂಬ ಹೆಸರಿಟ್ಟವಳು ನಾನು, ತಪ್ಪಿದ್ದು ಅಲ್ಲಿ. ಮೈಯ ಅಧಿಕಾರ ಎಲ್ಲಿಯವರೆಗೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವ ಗಡಿಕಲ್ಲು ಅದು.

ಯಂತ್ರವೂ ತಪ್ಪುತ್ತದೆ ಎಂಬುದನ್ನು ಕೊರೊನಾ ಕಾಲದಲ್ಲಿ ನೋಡಿದೆವು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಕಪ್ಪು ಚರ್ಮದವರಲ್ಲಿ ಆಮ್ಲಜನಕದ ಕುಸಿತವನ್ನು ಕಾಣದೆ ಹೋಗುವುದು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಎಂದು 2020ರಲ್ಲಿ ಅಮೆರಿಕದ ವೈದ್ಯರೇ ಬರೆದರು. ‘ಉಸಿರು ಸಾಲವಲ್ದು’ ಎನ್ನುವವನ ಮಾತು ಮತ್ತು 95 ಎನ್ನುವ ಪರದೆ ಎದುರಾದಾಗ ಪರದೆಯೇ ಗೆಲ್ಲಬೇಕೆಂಬ ನಿಯಮ ಎಲ್ಲಿದೆ?

ನಮ್ಮ ಭಾಗಕ್ಕೆ ಇನ್ನೊಂದು ತೊಡಕಿದೆ, ಭಾಷೆಯದು. ಕಾಗವಾಡ, ಉಗಾರ, ಅಥಣಿ, ರಾಯಬಾಗದವರು ದೊಡ್ಡ ಜಡ್ಡಿಗೆ ಮಿರಜಿಗೆ ಹೋಗುವುದು ಇಂದು ನಿನ್ನೆಯದಲ್ಲ. ಮಿಶನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಾಗಿನಿಂದ ಆ ದಾರಿ ಸವೆದಿದೆ. ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಗಡಿ ದಾಟಿದರೆ ನೋವು ಮರಾಠಿಯಲ್ಲಿ ಹೇಳಬೇಕು. ವ್ಯವಹಾರದ ಮರಾಠಿ ನಮಗೆಲ್ಲ ಬರುತ್ತದೆ, ಕಬ್ಬಿನ ಬಿಲ್ಲಿನ ಬಗ್ಗೆ ಜಗಳ ಆಡುವಷ್ಟು. ಬ್ಯಾನಿಯ ಮರಾಠಿ ಬೇರೆ. ಸೆಳೆತ, ಜಗ್ಗು, ಉರಿ, ಚುಚ್ಚು, ಹಿಡಿತ, ಜೋಮು, ಕಳಮಳ: ಇಷ್ಟೂ ಸೇರಿ ಅಲ್ಲಿ ಒಂದೇ ‘ದುಖತಂಯ’ ಆಗಿಬಿಡುತ್ತವೆ. ಕೆನಡಾದ ರೊನಾಲ್ಡ್ ಮೆಲ್ಝಾಕ್ 1975ರಲ್ಲಿ ನೋವಿನ 78 ಪದಗಳನ್ನು 20 ಗುಂಪುಗಳಾಗಿ ಜೋಡಿಸಿ ಪ್ರಶ್ನಾವಳಿ ಮಾಡಿದ್ದು ಇದಕ್ಕಾಗಿಯೇ, ಉರಿಯುವ ನೋವೂ ಜಗ್ಗುವ ನೋವೂ ಬೇರೆ ಬೇರೆ ಕಾರಣಕ್ಕೆ ಬೆರಳು ತೋರಿಸುತ್ತವೆ. ನಮ್ಮವ್ವ ಇರುವೆಯ ಮಾತಿನಲ್ಲಿ ಮಾತ್ರ ಬಚಾವು, ಮರಾಠಿಯಲ್ಲೂ ಜೋಮಿಗೆ ‘ಮುಂಗ್ಯಾ’ ಅಂದರೆ ಇರುವೆಯೇ. ಉಳಿದವರ ಗತಿ, ಜತೆಗೆ ಬಂದ ಅಳಿಯನೋ ಮಗನೋ ಅನುವಾದಿಸಿದಷ್ಟು. ಮುಟ್ಟಿನ ತೊಂದರೆಯನ್ನು ಅತ್ತೆ ಅಳಿಯನ ಬಾಯಿಂದ ಹೇಳಿಸಬೇಕಾದ ಪ್ರಸಂಗ ಊಹಿಸಿ.

ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎನ್ನುವುದು ಸುಗ್ಗಿಯಲ್ಲಿ ನಮ್ಮ ಹೊಲಗಳ ಬದುವಿಗೇ ಬರುತ್ತದೆ. ಕಬ್ಬು ಕಡಿಯುವ ಟೋಳಿಗಳು ಮಹಾರಾಷ್ಟ್ರದ ಬೀಡ್ ಕಡೆಯಿಂದ ಬಂದು ಕಾರಖಾನೆಗಳ ಸುತ್ತ ಗುಡಿಸಲು ಹಾಕುತ್ತವೆ. 2019ರಲ್ಲಿ ಅಲ್ಲಿನ ಸರಕಾರದ ಸಮಿತಿ ಬೀಡ್ ಜಿಲ್ಲೆಯ 82 ಸಾವಿರಕ್ಕೂ ಹೆಚ್ಚು ಕಬ್ಬು ಕಡಿಯುವ ಹೆಂಗಸರನ್ನು ಮಾತಾಡಿಸಿದಾಗ 13 ಸಾವಿರಕ್ಕೂ ಹೆಚ್ಚು ಜನ ಗರ್ಭಕೋಶ ತೆಗೆಸಿಕೊಂಡಿದ್ದರು. ಸೊಂಟ ಸೆಳೆಯುತ್ತದೆ, ಬಿಳಿ ಹೋಗುತ್ತದೆ, ಹೊಟ್ಟೆ ಹಿಡಿಯುತ್ತದೆ ಎಂದು ಮೈ ಹೇಳಿತ್ತು. ಎಂದಿನಿಂದ, ಯಾವಾಗ ಹೆಚ್ಚು, ಹೊರೆ ಹೊತ್ತ ದಿನವೋ ಬಿಡುವಿನ ದಿನವೋ ಎಂದು ಕೇಳುವ ಬದಲು ಹೇಳುವ ಅಂಗವನ್ನೇ ತೆಗೆದರು. ಕೂಲಿ ತಪ್ಪಬಾರದಲ್ಲ.

ಈಗ ಅವ್ವನಿಗೆ ದಮ್ಮು. ಹೋದ ತಿಂಗಳು ಕರೆದುಕೊಂಡು ಹೋಗಿದ್ದೆ. ಹರೆಯದ ಡಾಕ್ಟರು, ಒಳ್ಳೆಯವನೇ. ‘ಎಷ್ಟ ದಿನದಿಂದ ಐತಿ ಅಮ್ಮಾ?’ ಎಂದ. ಅವ್ವ ತುಸು ಯೋಚಿಸಿ, ‘ದೀಪಾವಳಿಗೆ ಸಾವಿರ ಆಗತಿದ್ದೂವು. ಸಂಕ್ರಾಂತಿಗೆ ಒಂಬೈನೂರ. ಹೋಳಿಹುಣ್ಣಿಮಿ ಆದಮ್ಯಾಗ ಆರನೂರಾ ಐವತ್ತರ ಮ್ಯಾಲ ಕುಂದರಾಕ ಆಗವಲ್ದು’ ಅಂದಳು. ಅವನಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದ. ಬೀಡಿಯ ಲೆಕ್ಕ ಎಂದು ನಾನು ಹೇಳುವಷ್ಟರಲ್ಲಿ ಕೇಸ್ ಪೇಪರಿನಲ್ಲಿ ‘ಆರು ತಿಂಗಳಿಂದ ದಮ್ಮು’ ಎಂದು ಬರೆದಾಗಿತ್ತು. ಹೊರಗೆ ಬೆಂಚಿನ ಮೇಲೆ ಕೂತು, ಆ ಹಾಳೆ ತಿರುವಿ, ಹಬ್ಬಗಳ ಹೆಸರು ಒಂದರ ಕೆಳಗೊಂದು ಬರೆದು ಎದುರಿಗೆ ಅಂಕಿ ಹಾಕಿದೆ: 1000, 900, 650. ‘ಏನ ಬರೀತಿ?’ ಎಂದಳು ಅವ್ವ. ಹೇಳಿದೆ. ಹಾಳೆ ಕೈಗೆ ತೆಗೆದುಕೊಂಡು, ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು.

‘ಸಂಕ್ರಾಂತಿದು ಒಂಬೈನೂರಾ ಇಪ್ಪತ್ತ ಮಾಡು’ ಅಂದಳು.